ಬ್ಯಾಟರಿ ಡಬ್ಬದ ತೊಟ್ಟಿ

ಮಾರ್ಚ್ ೩, ಬೆಳಿಗ್ಗೆ

ಇವತ್ತೂ ನಾಲ್ಕು ಹಳೇ ಕಾರ್ ಬ್ಯಾಟರಿ ಒಡೆದೆ. ಆಸಿಡ್ ಹಿತ್ತಲಿಗೆ ಸುರಿದೆ. ಗುಜರಿಗೆ ಹೊರುವುದು ಹಗುರ. ಸೀಸದ ಪ್ಲೇಟ್ ಬೇರೆ, ಡಬ್ಬ ಬೇರೆ. ಇಡೀ ಗುಮ್ಮಳಾಪುರದಲ್ಲಿ ಈ ಕೈಚಳಕ ಇನ್ನೊಬ್ಬನಿಗಿಲ್ಲ. ಓದಿದ್ದು ಏಳನೇ ಕ್ಲಾಸು — ಇಂಜಿನಿಯರುಗಳು ಬಂದು ಕಲಿಯಲಿ.

ಒಂದು ಡಬ್ಬ ತೊಳೆದು ಕರುವಿಗೆ ನೀರಿನ ತೊಟ್ಟಿ ಮಾಡಿದೆ. ಹೆಂಡತಿ ಮುನಿಲಕ್ಷ್ಮಿಗೆ ಹಿಡಿಸಲಿಲ್ಲ.

"ಆ ಡಬ್ಬ ಬ್ಯಾಡ, ಯಾಕೋ ವಾಸ್ನೆ."

"ಸುಮ್ಕಿರೇ, ಗಟ್ಟಿ ಮಾಲು!"

ಮಾರ್ಚ್ ೧೪

ಕರು ಎರಡು ದಿನದಿಂದ ಮೇವು ಮುಟ್ಟಿಲ್ಲ. ಇವತ್ತು ಕಂಬಕ್ಕೇ ಹೋಗಿ ಗುದ್ದಿತು. ಕಣ್ಣೆದುರು ಟವೆಲ್ ಬೀಸಿದೆ… ರೆಪ್ಪೆ ಅಲುಗಲಿಲ್ಲ.

ದನದ ಡಾಕ್ಟರು ಚಂದ್ರಲೇಖಾ ಬಂದರು. ಅವರು ಕೊಟ್ಟಿಗೆಗೆ ಬರುವಷ್ಟರಲ್ಲಿ ಡಬ್ಬವನ್ನು ಕಾಲಲ್ಲೇ ಹುಲ್ಲಿನ ಹಿಂದೆ ತಳ್ಳಿದ್ದೆ.

"ಪೇಂಟು, ಬ್ಯಾಟರಿ — ಏನಾದ್ರೂ ನೆಕ್ತಾ ರಾಮಾಂಜಿನಪ್ಪೋರೇ?"

"ನಮ್ಮನೇಲಿ ಧೂಳೂ ಕ್ಲೀನು ಮೇಡಂ."

"ಯಾವ ವಿಷ ಅಂತ ಗೊತ್ತಾಗ್ದೆ ಯಾವ ಮದ್ದು ಕೊಡ್ಲಿ?"

ಹೋದರು.

ಮಾರ್ಚ್ ೧೫, ಬೆಳಿಗ್ಗೆ ೫

ಮುನಿಲಕ್ಷ್ಮಿ ಫೋನ್ ತಂದು ಕೈಗಿಟ್ಟಳು.

"ಕರೂಗೆ ಕಣ್ಣು ಹೋಗ್ಲಿ, ನಿಮ್ ಮೀಸೆ ಉಳ್ಕಳ್ಳಿ. ಅಂಗೇನಾ?"

ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಒಡೆದದ್ದು, ಸುರಿದದ್ದು, ಡಬ್ಬ… ಬೈಯಲಿಲ್ಲ. ಅದೇ ಕಷ್ಟವಾಯಿತು.

೧೧ ಗಂಟೆ

ಸೀಸದ ವಿಷವಂತೆ. ಇಂಜೆಕ್ಷನ್ ಶುರು. "ಕಣ್ಣು ಬರ್ಬೋದು, ಗ್ಯಾರಂಟಿ ಇಲ್ಲ" ಎಂದರು. ಹೋಗುವಾಗ, "ಇನ್ಮೇಲೆ ಒಡೀಬೇಡಿ. ಆಸಿಡ್ ಸಮೇತ ಇಡಿಯಾಗೇ ಕೊಡಿ. ಹಳೇ ಬ್ಯಾಟರಿ ತಗೊಳ್ಳೋ ಲೈಸೆನ್ಸ್ ಇರೋರು ಹೊಸೂರಲ್ಲೇ ಇದಾರೆ."

ಮಾರ್ಚ್ ೧೯

ಉಳಿದ ಹನ್ನೊಂದು ಬ್ಯಾಟರಿ ಹೊಸೂರಿಗೆ ಒಯ್ದೆ. ಗೂಡ್ಸ್ ಆಟೋದಲ್ಲಿ ಹಲಗೆ ಹಾಸಿ, ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು. ಕೈಗೆ ಗ್ಲೌಸ್ ಬೇರೆ! ಹಿತ್ತಲ ಮಣ್ಣನ್ನೂ ಕೆರೆದು ಡ್ರಮ್ಮಿಗೆ ತುಂಬಿ ಮುಚ್ಚಿದ್ದೆ, ಅದನ್ನೂ ತೆಗೆದುಕೊಂಡರು.

ಗೋಡೌನಿನ ಶರ್ಮಿಳಾ ಬಗ್ಗಿ ನೋಡಿದಳು. "ಒಂದ್ ಹನೀನೂ ಚೆಲ್ಲಿಲ್ವಲ್ಲ ಮಾಮಾ!"

"ಇಡೀ ಗುಮ್ಮಳಾಪುರದಲ್ಲಿ ಬ್ಯಾಟರಿ ಒಡೀದೆ ತರೋನು ನಾನೊಬ್ನೇ" ಎಂದೆ. ಸುಳ್ಳೇನಲ್ಲ.

ಮಾರ್ಚ್ ೨೭, ಸಂಜೆ

ಕೊಟ್ಟಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ. ಕರು ಮೇವು ತಿನ್ನುತ್ತಿದೆ. ನೀರಿಗೆ ಈಗ ಕಲ್ಲಿನ ತೊಟ್ಟಿ. ಕಣ್ಣು ಮಾತ್ರ ಇನ್ನೂ… ಬೆಳಿಗ್ಗೆ ಟವೆಲ್ ಬೀಸಿದಾಗ ಕಿವಿಯಷ್ಟೇ ಅಲುಗಿತು.

ಈಗ ತಲೆ ಎತ್ತಿದೆ. ನಾನು ಪುಟ ತಿರುಗಿಸಿದ ಕಡೆಗೇ ಕತ್ತು ತಿರುಗಿಸುತ್ತಿದೆ. ಕಂಬ ಬಳಸಿಕೊಂಡು ಬಂತು. ಲೇ ಮುನಿಲಕ್ಷ್ಮೀ, ಬಾರೇ! ಈ ಬಿಳೀ ಹಾಳೆಯನ್ನೇ ನೆಕ್ಕಲು ನಾಲಿಗೆ ಚಾ—