ನಲವತ್ತೊಂದು ಜನರ ಯಂತ್ರ

ರೇಜೆಕ್ನೆ,
ಮಾರ್ಚ್ ೯

ಪ್ರೀತಿಯ ಮಗಳು ಇಂಗೂನಾಗೆ,

ಹೇಗಿದ್ದೀಯಮ್ಮಾ? ಅಣಬೆ ಶೆಡ್ಡಿನ ತೇವಕ್ಕೆ ಬೆರಳ ಸಂದಿ ಬಿರಿಯುತ್ತಿತ್ತಲ್ಲ, ವಾಸಿಯಾಯಿತೇ? ಕೈಗವಸಿಲ್ಲದೆ ಕೆಲಸಕ್ಕಿಳಿಯಬೇಡ. ನನ್ನ ಮಂಡಿ ನೋವು ಹಾಗೇ ಇದೆ, ಬಿಡು. ಸಾಮಾನು ಸಾಗಿಸುವ ವಿಟೊಲ್ಡನ ವ್ಯಾನು ನಾಳೆ ನೀನಿರುವ ಐರ್ಲೆಂಡಿಗೆ ಹೊರಡುತ್ತದೆ. ಬೂದು ಬಟಾಣಿ, ಹೊಗೆಯಲ್ಲಿಟ್ಟ ಹಂದಿಮಾಂಸದ ಜೊತೆ ಈ ಪತ್ರವನ್ನೂ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಎರಡು ಕೋಣೆಯ ಮನೆಯಲ್ಲಿ ನಾನು ಪಿಸುಗುಟ್ಟಿದರೂ ನಿನ್ನಮ್ಮನಿಗೆ ಕೇಳಿಸುತ್ತದೆ.

ಪಾರ್ಶ್ವವಾಯು ಬಡಿದ ಮೇಲೆ ಮೂರು ವರ್ಷ ಅವಳ ಬಾಯಿಂದ ಬರೀ ಸದ್ದು ಬರುತ್ತಿದ್ದುದನ್ನು ನೀನೇ ಕಂಡಿದ್ದೀಯ. ಕಳೆದ ಚಳಿಗಾಲಕ್ಕೆ ಮುಂಚೆ ಲಾಸ್ಮಾ ಎಂಬ ಹುಡುಗಿ ತನ್ನ ತಂಡದೊಂದಿಗೆ ಬಂದು, ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನು ಅವಳ ಕೊರಳಿಗೆ ಹಾಕಿ, ಎರಡು ತಿಂಗಳು ಕೂತು ಆ ಸದ್ದುಗಳ ಅರ್ಥವನ್ನೆಲ್ಲ ಅದಕ್ಕೆ ಕಲಿಸಿದಳು. ಈಗ ಅಮ್ಮ ತೊದಲಿದ್ದನ್ನು ಅದು ಬಿಡಿಸಿ ಹೇಳುತ್ತದೆ. ಫೋನಿನಲ್ಲಿ ನೀನೂ ಕೇಳಿದ್ದೀಯ. ದನಿ ಮಾತ್ರ ರೇಡಿಯೊದವಳ ಹಾಗಿದೆ ಎಂದು ಅವಳ ತಕರಾರು. ಸಮಾಜಕ್ಕೆ ಒಳಿತಾಗುವ ಕೃತಕ ಬುದ್ಧಿಮತ್ತೆಗೆಂದು ಸರ್ಕಾರ ನಡೆಸುವ ಸ್ಪರ್ಧೆಯ ಹಣದಲ್ಲೇ ಇದೆಲ್ಲ ನಡೆದದ್ದು.

ಹೋದ ತಿಂಗಳು ರಾಜಧಾನಿ ರೀಗಾದಲ್ಲಿ ಸ್ಪರ್ಧೆಯ ಕೊನೆಯ ಸುತ್ತು ಇತ್ತು. ಲಾಸ್ಮಾ ನಮ್ಮಿಬ್ಬರನ್ನೂ ಕರೆದೊಯ್ದಳು. ನಿನ್ನಮ್ಮ ನೀಲಿ ಸ್ವೆಟರ್ ಹಾಕಿಕೊಂಡು, ಗಾಲಿಕುರ್ಚಿಯಲ್ಲಿ ವೇದಿಕೆಗೆ ಹೋದಳು. ನಿಮಗೇನು ಉಪಯೋಗವಾಯಿತು ಎಂದು ತೀರ್ಪುಗಾರರೊಬ್ಬರು ಕೇಳಿದರು. "ಮೂರು ವರ್ಷ ನಾನು ಬಾಯಿ ತೆಗೆದ್ರೆ ಸಾಕು, ಇವ್ರು ಓಡಿಹೋಗಿ ನೀರು ತರೋರು. ನಂಗೆ ಬಾಯಾರಿಕೆ ಆಗಿರ್ಲಿಲ್ಲ. ಇವ್ರನ್ನ ಬೈಬೇಕಾಗಿತ್ತು" ಅಂದಳು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ವಾಪಸು ಬರುವ ದಾರಿಯುದ್ದಕ್ಕೂ ಎಷ್ಟು ಲೋಟ ನೀರು ಕುಡಿಸಿದೆನೋ ಎಂದು ಲೆಕ್ಕ ಹಾಕಿದೆ.

ಇದರಿಂದ ಎಷ್ಟು ಜನಕ್ಕೆ ಅನುಕೂಲ ಎಂದು ಆಮೇಲೆ ಕೇಳಿದರು. ಲಾಸ್ಮಾ ಸುಳ್ಳು ಹೇಳಲಿಲ್ಲ: ಸದ್ಯಕ್ಕೆ ನಲವತ್ತೊಂದು, ಒಬ್ಬೊಬ್ಬರ ತೊದಲನ್ನೂ ಬೇರೆ ಬೇರೆಯಾಗಿ ಕಲಿಸಬೇಕು ಎಂದಳು. ಗೆದ್ದದ್ದು ಇನ್ನೊಂದು ತಂಡ. ಇಡೀ ದೇಶದಲ್ಲಿ ಯಾವ ರಸ್ತೆಯ ಮೇಲೆ ಯಾವಾಗ ಹಿಮ ಗಟ್ಟಿಯಾಗಿ ಜಾರುತ್ತದೆ ಎಂದು ಮೊದಲೇ ಹೇಳುವ ಯಂತ್ರ ಅವರದು. ಯಾರನ್ನು ಬೈಯಲಿ? ನಮ್ಮ ಪಕ್ಕದ ಮನೆಯ ಯೆಜುಪ್ಸ್ ಕಾಲು ಮುರಿದುಕೊಂಡದ್ದು ಅಂಥದೇ ರಸ್ತೆಯಲ್ಲಿ. ನಾನೇ ತೀರ್ಪುಗಾರನಾಗಿದ್ದರೂ ಅವರಿಗೇ ಕೊಡುತ್ತಿದ್ದೆನೇನೋ. ಆದರೂ ನಮ್ಮ ಯಂತ್ರಕ್ಕೂ ಸ್ವಲ್ಪ ಹಣ ಕೊಡಿ ಎಂದು ಸಚಿವಾಲಯಕ್ಕೆ ಬರೆದೆ. ಉತ್ತರ ಬಹಳ ಮರ್ಯಾದೆಯಿಂದಲೇ ಬಂತು: ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಂತೆ.

ಅಮ್ಮನಿಗೆ ಸೋತದ್ದರ ಬೇಸರವಿಲ್ಲ. ರೀಗಾದಲ್ಲಿ ಕೊಟ್ಟ ಕಾಫಿ ನೀರಿನಂತಿತ್ತೆಂದು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಗ್ಲೋನಾ ಚರ್ಚಿನ ಮಾತೆ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ದೊನಾತ್ಸ್

ಮರೆತ ಮಾತು: ಮುಂದಿನ ಹಣ ಗೆದ್ದವರಿಗೆ ಮಾತ್ರವಾದ್ದರಿಂದ ಅಮ್ಮನ ಯಂತ್ರ ಈ ತಿಂಗಳ ಮೂವತ್ತೊಂದಕ್ಕೆ ನಿಂತುಹೋಗುತ್ತದೆ. ಲಾಸ್ಮಾ ನನ್ನನ್ನು ಮೆಟ್ಟಿಲ ಬಳಿ ಕರೆದು ಹೇಳಿ, ತಾನೇ ಅತ್ತಳು. ಅಮ್ಮನಿಗೆ ಗೊತ್ತಿಲ್ಲ. ನಿನಗೆ ಏನೋ ಹೇಳುವುದಿದೆಯಂತೆ ಅವಳಿಗೆ. ಏನೆಂದು ನನಗೂ ಹೇಳಳು. "ಫೋನಲ್ಲಿ ಹೇಳೋ ಮಾತಲ್ಲ. ಜೂನ್‌ನಲ್ಲಿ ಬರ್ತಾಳಲ್ಲ, ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ" ಅನ್ನುತ್ತಾಳೆ. ಈಗಲೇ ಹೇಳಿಬಿಡು ಎನ್ನಲು ನನ್ನಿಂದ ಆಗುತ್ತಿಲ್ಲ. ಈ ತಿಂಗಳೇ ರಜೆ ಸಿಗುತ್ತದೆಯೇ ಕೇಳಿ ನೋಡಮ್ಮಾ. ಒಂದು ದಿನವಾದರೂ ಸಾಕು.