ಏರಿನಲ್ಲಿ ನಿಂತ ಕಾರು

ಕೊಳ್ಳೇಗಾಲ,
ನವೆಂಬರ್ 12, 2024, ಮಂಗಳವಾರ

ಪ್ರೀತಿಯ ತಮ್ಮ ಮಾದೇಶಾ,

ಹೇಗಿದ್ದೀಯಪ್ಪ? ಲಾರಿಯಲ್ಲಿ ಕೂತು ಕೂತು ಹಿಡಿದುಕೊಳ್ಳುತ್ತಿದ್ದ ಸೊಂಟ ಈಗ ಹೇಗಿದೆ? ಮೆಟ್ಟೂರಿನ ಹೋಟೆಲ್ ಊಟ ನಿನಗೆ ಒಗ್ಗಿದೆಯೋ ಇಲ್ಲವೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಐದು ವರ್ಷದಿಂದ ಎತ್ತಿಲ್ಲ, ಅದಕ್ಕೆ ನಾನು ಬೇಸರಪಟ್ಟುಕೊಳ್ಳುವ ಹಾಗೂ ಇಲ್ಲ. ಮಾರ್ಟಳ್ಳಿಯ ಚಿಕ್ಕಬಸಮ್ಮನ ಮಗ ನಿಮ್ಮ ಲಾರಿ ಶೆಡ್ಡಿನ ವಿಳಾಸ ಕೊಟ್ಟ. ಕಾಗದವಾದರೆ ಹರಿದುಹಾಕುವ ಮೊದಲು ನಾಲ್ಕು ಸಾಲಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಭಾವನಿಗೆ ಮಂಡಿನೋವು, ಮಗ್ಗದ ಗುಂಡಿಗೆ ಇಳಿಯಲು ಆಗುವುದಿಲ್ಲ. ಹಾಗಾಗಿ ರೇಷ್ಮೆ ಸೀರೆ ನೇಯುವುದೆಲ್ಲ ಈಗ ನನ್ನ ಪಾಲಿಗೇ ಬಂದಿದೆ. ಮಗಳು ಕೋಮಲ, ಅಳಿಯ ನಿರಂಜನ್ ಯಳಂದೂರಿನಲ್ಲಿ ಸುಖವಾಗಿದ್ದಾರೆ.

ಈಗ ಒಂದು ವಿಷಯ ಹೇಳುತ್ತೇನೆ, ನಗಬೇಡ. ಅಪ್ಪನ ಅಂಬಾಸಿಡರ್ ಕಾರಿನ ಕರೆಂಟ್ ಕೆಲಸವನ್ನು ನಾನೇ ನನ್ನ ಕೈಯಾರೆ ಮಾಡಿದೆ. ಕೋಮಲನ ಮದುವೆಯಾದಾಗಿನಿಂದ ಅದು ನಮ್ಮ ಹಿತ್ತಿಲ ಶೆಡ್ಡಿನಲ್ಲೇ ನಿಂತಿತ್ತಲ್ಲ, ಈ ವರ್ಷ ಶ್ರಾವಣದಲ್ಲಿ ಬೆಕ್ಕು ಅದರೊಳಗೆ ಮರಿ ಹಾಕಿತು. ಮರಿಗಳನ್ನು ತೆಗೆಯಲು ಬಾನೆಟ್ ಎತ್ತಿದವಳು ಹಾಗೇ ನಿಂತುಬಿಟ್ಟೆ. ತಂತಿಗಳ ಮೇಲೆ ಇದ್ದದ್ದು ಪ್ಲಾಸ್ಟಿಕ್ ಅಲ್ಲ ಕಣೋ, ನೂಲು! ಹತ್ತಿ ನೂಲನ್ನು ಜಡೆ ಹೆಣೆದ ಹಾಗೆ ಹೆಣೆದು ಒಂದೊಂದು ತಂತಿಗೂ ಅಂಗಿ ತೊಡಿಸಿದ್ದಾರೆ. ಬಿಳಿಯ ನಡುವೆ ಒಂದರಲ್ಲಿ ಕಪ್ಪು ಎಳೆ ಓಡಿದೆ, ಇನ್ನೊಂದರಲ್ಲಿ ಕೆಂಪು. ಅಪ್ಪ ನಲವತ್ತು ವರ್ಷ ಆ ಕಾರನ್ನು ಬಾಡಿಗೆಗೆ ಓಡಿಸಿದರೂ ನಾನು ಇದನ್ನು ನೋಡಿರಲೇ ಇಲ್ಲ. ಮಗ್ಗದ ಮುಂದೆ ಮೂವತ್ತು ವರ್ಷ ಕೂತವಳಿಗೆ ಒಂದು ಎಳೆ ಕಂಡರೆ ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ನೋಡದೆ ಇರಲು ಆಗುತ್ತದೆಯೇ? ಬೆರಳಿಟ್ಟು ಹಿಂದೆಯೇ ಹೋದೆ. ಮುಟ್ಟಿದ ಕಡೆಯೆಲ್ಲ ನೂಲು ಪುಡಿಯಾಗಿ ಉದುರಿತು, ಒಳಗಿನ ರಬ್ಬರ್ ಬಿರುಕು ಬಿಟ್ಟಿತ್ತು.

ಗುರುಪಾದಣ್ಣನನ್ನು ಕರೆಸಿದೆ. ಬಸ್ ಸ್ಟ್ಯಾಂಡ್ ಹಿಂದೆ ಕಾರಿನ ಕರೆಂಟ್ ಕೆಲಸ ಮಾಡುತ್ತಿದ್ದ ಗುರುಪಾದಸ್ವಾಮಿ. ಹೆಸರು ನೋಡಿಯೇ ನಿನಗೆ ಸಿಟ್ಟು ಬಂದಿರುತ್ತದೆ. ಮದುವೆಯ ಮಾರನೇ ದಿನ ಕಾರನ್ನು ಪರೀಕ್ಷೆ ಮಾಡಿ ‘ಗಾಡೀಲಿ ಏನೂ ಇಲ್ಲ, ಸರ್ಯಾಗದೆ’ ಎಂದವನು ಅವನೇ. ಈಗ ಅಂಗಡಿ ಮುಚ್ಚಿದ್ದಾನೆ. ಬಗ್ಗಿ ನೋಡಿದವನು, ‘ಇದು ವೈರಲ್ಲ ಕಣವ್ವ, ಬೂದಿ. ನನ್ ಕಣ್ಗೆ ಪೊರೆ ಬಂದದೆ, ಕೈ ನಡುಗ್ತದೆ. ನಾ ಏಳ್ಕೊಡ್ತೀನಿ, ನೀ ಮಾಡ್ತೀಯಾ?’ ಎಂದ. ಹೂಂ ಎಂದೆ.

ಕಿಡಿಯ ದಾರಿ ಇಷ್ಟೇ ಅಂತೆ. ಬ್ಯಾಟರಿಯಿಂದ ಕೀ ಹಾಕುವ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಎನ್ನುವ ಡಬ್ಬಿಗೆ, ಆ ಡಬ್ಬಿ ಸರದಿಯಂತೆ ನಾಲ್ಕು ಪ್ಲಗ್ಗಿಗೂ ಹಂಚುತ್ತದೆ. ನಿನಗೆ ಇದೆಲ್ಲ ಹಳೆಯದು, ನನಗೆ ಹೊಸದು. ಒಂದು ವೈರ್ ಬಿಚ್ಚುವುದು, ಅದೇ ಉದ್ದಕ್ಕೆ ಹೊಸದನ್ನು ಕತ್ತರಿಸುವುದು, ಎರಡು ತುದಿಗೂ ಒಂದೇ ಬಣ್ಣದ ರೇಷ್ಮೆ ಎಳೆ ಕಟ್ಟಿ ಗುರುತು ಮಾಡಿ ಕೂರಿಸುವುದು. ಬೆಳಗಿನ ನೇಯ್ಗೆ ಮುಗಿಸಿ ದಿನಕ್ಕೆ ಎರಡು ಗಂಟೆಯಂತೆ ಹನ್ನೊಂದು ದಿನ ಹಿಡಿಯಿತು. ನಿಮ್ಮ ಭಾವ ‘ಮಗ್ಗದ ಮೇಲಿನ ಸೀರೆ ಏನ್ಮಾಡ್ದೆ?’ ಎಂದು ದಿನವೂ ಕೇಳುತ್ತಿದ್ದರು, ಆದರೆ ಟಾರ್ಚ್ ಹಿಡಿದುಕೊಂಡು ನಿಲ್ಲುತ್ತಿದ್ದವರೂ ಅವರೇ. ಹನ್ನೆರಡನೇ ದಿನ ಕೀ ತಿರುಗಿಸಿದರೆ ಮೂರನೇ ಸಲಕ್ಕೆ ಎಂಜಿನ್ ಹಿಡಿಯಿತು. ಪಕ್ಕದ ಮನೆಯವರೆಲ್ಲ ಓಡಿ ಬಂದರು. ಗುರುಪಾದಣ್ಣ ‘ಆಯ್ತು ಬುಡವ್ವ’ ಎಂದು ಕೈ ಒರೆಸಿಕೊಂಡ.

ನನಗೆ ಆಗಿರಲಿಲ್ಲ. ತೆಗೆದುಹಾಕಿದ ಹಳೆಯ ವೈರುಗಳನ್ನೆಲ್ಲ ಇಟ್ಟುಕೊಂಡಿದ್ದೆ. ಕರೆಂಟ್ ಹರಿಯುತ್ತದೋ ಎಂದು ಒಂದೊಂದಕ್ಕೂ ಟೆಸ್ಟ್ ಲ್ಯಾಂಪ್ ಕೊಟ್ಟು ನೋಡಿದೆ. ಎಲ್ಲದರಲ್ಲೂ ಬಲ್ಬ್ ಉರಿಯಿತು. ಮೇಲಿನ ನೂಲು ಹೋಗಿತ್ತೇ ಹೊರತು ಒಂದೂ ತುಂಡಾಗಿರಲಿಲ್ಲ. ಹಾಗಾದರೆ ಆ ದಿನ ಕಾರು ಏಕೆ ನಿಂತಿತು?

ಆ ದಿನವನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಮದುವೆ ಬಿಳಿಗಿರಿರಂಗನ ಬೆಟ್ಟದ ಮೇಲೆ. ಅಕ್ಕಸಾಲಿಗನ ಹತ್ತಿರ ಉಳಿದುಹೋಗಿದ್ದ ತಾಳಿ ತರಲು ನೀನೊಬ್ಬನೇ ಈ ಕಾರಿನಲ್ಲಿ ಕೊಳ್ಳೇಗಾಲಕ್ಕೆ ಹೋದೆ. ಮುಹೂರ್ತ ಮೀರಿ ಮುಕ್ಕಾಲು ಗಂಟೆಯಾದ ಮೇಲೆ ಬಂದೆ. ‘ಏರ್ನಲ್ಲಿ ಕತ್ತು ಹಿಸುಕ್ದಂಗೆ ನಿಂತೋಯ್ತು ಕಣಕ್ಕಾ, ಆಮೇಲೆ ತಾನೇ ಎದ್ಕಂಡ್ತು, ಫೋನ್ ಸಿಗ್ನಲ್ಲೂ ಇರ್ನಿಲ್ಲ’ ಎಂದೆ. ನಮ್ಮಣ್ಣ ಶಾಂತಮೂರ್ತಿ ಎಲ್ಲರ ಎದುರು, ‘ತಾನೇ ನಿಂತು ತಾನೇ ಏಳಾಕೆ ಅದೇನು ದನವಾ? ಕುಡ್ದು ಬಿದ್ದಿದ್ದೆ ಅನ್ನು’ ಎಂದ. ನೀನು ಕುಡಿತ ಬಿಟ್ಟು ಆಗ ಹದಿನಾಲ್ಕು ತಿಂಗಳಾಗಿತ್ತು. ಮಾರನೇ ದಿನ ಗುರುಪಾದಣ್ಣನ ಮಾತೂ ಬಂತು. ಆ ಸಂಜೆಯೇ ನೀನು ಮೆಟ್ಟೂರಿನ ಬಸ್ ಹತ್ತಿದೆ.

ಅದಕ್ಕೇ ಹೋದ ಗುರುವಾರ ಕಾರನ್ನು ಅದೇ ಬೆಟ್ಟಕ್ಕೆ ತಿರುಗಿಸಿದೆವು. ನಿರಂಜನ್ ಓಡಿಸಿದ, ಮುಂದೆ ಗುರುಪಾದಣ್ಣ, ಹಿಂದೆ ನಾನು. ಯಳಂದೂರಿನವರೆಗೆ ಹಾಯಾಗಿ ಬಂತು. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಏರು ಶುರುವಾಯಿತು. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಎರಡು ಸಲ ಮುಗ್ಗರಿಸಿ, ಕತ್ತು ಹಿಸುಕಿದ ಹಾಗೆ ಸದ್ದಿಲ್ಲದೆ ನಿಂತುಬಿಟ್ಟಿತು. ‘ನಿಂತೋಯ್ತು! ನಿಂತೋಯ್ತು!’ ಎಂದು ನಾನು ಕೂಗಿಕೊಂಡೆ. ಬೈಕಿನಲ್ಲಿ ಬಂದ ಫಾರೆಸ್ಟ್ ಗಾರ್ಡ್ ನಮ್ಮ ಖುಷಿ ನೋಡಿ ಗಾಬರಿಯಾದ. ‘ಇಲ್ಲಿ ನಿಲ್ಲಿಸಂಗಿಲ್ಲ ಸಾ, ಆನೆ ದಾಟೋ ಜಾಗ, ತಳ್ಕಂಡಾದ್ರೂ ಓಗಿ’ ಎಂದ. ಗುರುಪಾದಣ್ಣ ಅವನತ್ತ ತಿರುಗಿಯೂ ನೋಡಲಿಲ್ಲ. ‘ಬಿಸಿ ಆರೋಕ್ಮುಂಚೆ ನೋಡ್ಬೇಕು. ಬೇಗ ಡಬ್ಬಿ ಮುಚ್ಳ ತೆಗಿ ಕಣವ್ವ’ ಎಂದ.

ಹೊರಗಿನ ವೈರೆಲ್ಲ ಹೊಸದು. ಹಾಗಾದರೆ ತಪ್ಪು ಇರಬೇಕಾದ್ದು ಡಬ್ಬಿಯ ಒಳಗೆ. ಸೆರಗಿನಿಂದ ಹಿಡಿದು ಮುಚ್ಚಳ ತೆಗೆದೆ. ಒಳಗೊಂದು ತಟ್ಟೆ, ಅದರ ಮೇಲೆ ಕಿಡಿ ಹುಟ್ಟಿಸುವ ಪಾಯಿಂಟು. ಅದಕ್ಕೆ ಬರುವ ಒಂದು ವೈರ್ ಇದೆ, ಎರಡಂಗುಲವೂ ಇಲ್ಲ. ನೋಡಲು ಗಟ್ಟಿಮುಟ್ಟಾಗಿತ್ತು. ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದುಕೊಂಡು ಹೋದೆ. ನಡುವೆ ಒಂದು ಕಡೆ ಬೆರಳಿಗೆ ಏನೂ ಸಿಗಲಿಲ್ಲ, ಅಂಗಿಯ ಖಾಲಿ ತೋಳಿನ ಹಾಗೆ ಮಡಚಿಕೊಂಡಿತು. ಲ್ಯಾಂಪ್ ಕೊಟ್ಟರೆ ಉರಿಯಿತು. ‘ಈಗ ತಟ್ಟೇನ ವಸಿ ತಿರುಗ್ಸು’ ಎಂದ ಗುರುಪಾದಣ್ಣ. ತಿರುಗಿಸಿದೆ, ಬಲ್ಬ್ ಆರಿತು. ಬಿಟ್ಟೆ, ಉರಿಯಿತು. ಏರಿನಲ್ಲಿ ಎಂಜಿನ್ ತಿಣುಕುವಾಗ ಆ ತಟ್ಟೆ ಒಂದಿಷ್ಟು ಸರಿಯುತ್ತದಂತೆ. ಕಾದು ಮೆತ್ತಗಾದ ವೈರ್ ಎಳೆದುಕೊಂಡು, ಒಳಗೆ ತುಂಡಾದ ಎಳೆಗಳು ದೂರವಾಗುತ್ತವೆ. ನಿಂತು ಆರಿದ ಮೇಲೆ ತುದಿಗೆ ತುದಿ ತಾಗುತ್ತದೆ, ಕಾರು ತಾನೇ ಏಳುತ್ತದೆ. ಕೊಳ್ಳೇಗಾಲದ ಸಮನೆಲದ ಬೀದಿಯಲ್ಲಿ ತಣ್ಣಗಿನ ಗಾಡಿ ನೋಡಿದವನಿಗೆ ಅದು ಹೇಗೆ ಕಾಣಬೇಕು? ಬ್ಲೇಡಿನಲ್ಲಿ ಸೀಳಿದೆ. ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ ಒಂದೂ ಬಿಡದೆ ಮುರಿದಿದ್ದವು.

ಗುರುಪಾದಣ್ಣ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ‘ಆವತ್ತೇ ಬೆಟ್ಟುಕ್ಕೆ ತಂದು ನೋಡ್ಬೇಕಿತ್ತು ಕಣವ್ವ. ಸೋಮಾರಿತನಕ್ಕೆ ಒಂದು ಮಾತು ಅಂದ್ಬುಟ್ಟೆ. ಆ ಮಾತ್ನಲ್ಲಿ ಒಬ್ಬ ಮನ್ಸ ಊರು ಬುಟ್ಟ’ ಎಂದ. ಅವನ ಪೆಟ್ಟಿಗೆಯಲ್ಲಿದ್ದ ಮೆತ್ತನೆಯ ವೈರಿನ ತುಂಡನ್ನು ಕೂರಿಸಿದೆ. ಗಾರ್ಡ್ ಮುಂದೆ, ನಾವು ಹಿಂದೆ, ಕಾರು ಎಲ್ಲೂ ನಿಲ್ಲದೆ ಮೇಲಿನವರೆಗೆ ಹತ್ತಿತು. ಶನಿವಾರ ಗುರುಪಾದಣ್ಣ ತಾನಾಗಿಯೇ ಅಣ್ಣನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಅಣ್ಣ ಆ ಮುರಿದ ವೈರ್ ಕೇಳಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡನಂತೆ.

ಹೊತ್ತಿಗೆ ಸರಿಯಾಗಿ ಉಣ್ಣು. ಇಳಿಜಾರಿನಲ್ಲಿ ನಿಧಾನವಾಗಿ ಓಡಿಸು. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಭಾವ ಕೇಳಿದರೆಂದು ತಿಳಿ.

ನಿನ್ನ ಅಕ್ಕ,
ವಸಂತ

ತಾ.ಕ.: ಬರೆಯಬೇಕಾದ್ದನ್ನು ಬಿಟ್ಟು ಇಷ್ಟೆಲ್ಲ ಬರೆದೆ. ಆ ದಿನ ನೀನು ಓಡಿಬಂದು ತಾಳಿಯ ಡಬ್ಬಿಯನ್ನು ನನ್ನ ಕೈಗಿಟ್ಟಾಗ ನಿನ್ನ ಉಸಿರು ನನ್ನ ಮುಖಕ್ಕೆ ತಾಗಿತು. ಹೆಂಡದ ವಾಸನೆ ಇರಲಿಲ್ಲ. ನನಗೆ ಆಗಲೇ ಗೊತ್ತಿತ್ತು ಮಾದೇಶ, ವೈರ್ ಸಿಗುವ ತನಕ ಕಾಯಬೇಕಾಗಿರಲಿಲ್ಲ. ತಾಳಿ ತರುವ ಗಾಡಿಯೇ ನಿಂತಿತು, ಹೆಣ್ಣಿನ ಕಾಲ್ಗುಣ ಎಂಥದೋ ಎಂದು ಗಂಡಿನ ಕಡೆಯವರು ಆಗಲೇ ಗುಸುಗುಸು ಶುರು ಮಾಡಿದ್ದರು. ನೀನು ಕುಡಿದಿದ್ದೆ ಎಂದು ಅಣ್ಣ ಅಂದಕೂಡಲೇ ಆ ಮಾತು ನಿಂತಿತು. ಅದಕ್ಕೇ ನಾನು ಬಾಯಿ ಬಿಡಲಿಲ್ಲ. ನಿನ್ನೆ ಇದನ್ನು ಅಣ್ಣನಿಗೂ ಕೋಮಲನಿಗೂ ಅವಳ ಅತ್ತೆಗೂ ಹೇಳಿದೆ. ಇದೇ ಭಾನುವಾರ ಮೊದಲ ಬಸ್ಸಿಗೆ ಮೆಟ್ಟೂರಿಗೆ ಬರುತ್ತೇನೆ, ನೀನು ಮಾತಾಡಿಸದಿದ್ದರೂ ಸರಿ. ಕೋಮಲನೂ ಬರುತ್ತಾಳಂತೆ, ಮಾವನನ್ನು ನೋಡಲು. ಬಸ್ಸಿನಲ್ಲಿ ನನ್ನ ಪಕ್ಕ ಮಾತ್ರ ಕೂರುವುದಿಲ್ಲವಂತೆ.