ಮೂರು ದೀಪದ ಕಾನೂನು

ಚಿನಕುರಳಿ
22-2-1998

ಚಿ|| ಕನಕರಾಜುವಿಗೆ ನಿನ್ನ ಅಕ್ಕ ಮುತ್ತಮ್ಮನ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ತಲುಪಿದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹಿಂದೆಯೂ ಬರೆಯಲು ಕೂತಿದ್ದೆ. ಬರೀ ಬೈಗುಳವೇ ಬಂತು, ಹರಿದು ಒಲೆಗೆ ಹಾಕಿದೆ. ಇವತ್ತೂ ಬೈಗುಳ ಬರಬಹುದು, ಆದರೆ ಈ ಸಲ ಹರಿಯುವುದಿಲ್ಲ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಹೊತ್ತಿಗೆ ಉಣ್ಣುತ್ತೇವೆ, ನಿನ್ನ ಭಾವ ಅಂಗಡಿ ಬಾಗಿಲು ತೆಗೆಯುತ್ತಾರೆ, ಉಮ ಕರೆದರೆ ಎದ್ದು ಬರುತ್ತಾಳೆ. ಇಷ್ಟಕ್ಕೇ ಕ್ಷೇಮ ಅನ್ನುವುದಾದರೆ ಕ್ಷೇಮವೇ.

ಬಡ್ತಿ ಸಿಕ್ಕಿ ನಾಗಮಂಗಲಕ್ಕೆ ಹೋದದ್ದು ತಿಳಿಯಿತು. ಕ್ವಾರ್ಟರ್ಸ್ ಚೆನ್ನಾಗಿದೆ, ನೀರಿಗೆ ಮಾತ್ರ ಕಷ್ಟ ಎಂದು ಬರೆದಿದ್ದೀಯ. ಅವ್ವ ತೀರಿಕೊಂಡಾಗ ನಿನಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು. ನೀನು ಓದಿ ಎಂಜಿನಿಯರ್ ಆದ ಮೇಲೆ, ಹೊರಗಿನ ಸಂಬಂಧ ಯಾಕೆ ಎಂದು ನನ್ನ ಒಬ್ಬಳೇ ಮಗಳು ಉಮನನ್ನು ನಿನಗೇ ಕೊಟ್ಟೆ. ತಮ್ಮ ಅನ್ನು, ಅಳಿಯ ಅನ್ನು, ನಿನ್ನ ಬಡ್ತಿಗೆ ಎಲ್ಲರಿಗಿಂತ ಮೊದಲು ಹಿಗ್ಗಬೇಕಾದವಳು ನಾನೇ. ಹಿಗ್ಗು ಬರಲಿಲ್ಲ ಕನಕ, ಸುಳ್ಳು ಯಾಕೆ ಬರೆಯಲಿ?

ಮಗುವನ್ನು ಮಣ್ಣು ಮಾಡಲು ಬಂದ ದಿನ ಅಕ್ಕ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ, ನಾನೇನು ತಪ್ಪು ಮಾಡಿದೆ, ಸರ್ಕಾರ ಹೇಳಿದ್ದನ್ನು ಮಾಡಿದೆ ಎಂದು ಕೇಳಿದ್ದೀಯ. ಕೇಳಿದ್ದು ಒಳ್ಳೆಯದಾಯಿತು. ಹೇಳುತ್ತೇನೆ, ಪೂರ್ತಿ ಓದು.

ನೀನು ಪಾಂಡವಪುರದಲ್ಲಿದ್ದಾಗ ಕರೆಂಟು ಉಳಿಸುವ ಕಾನೂನು ಬಂತಲ್ಲ, ಅದನ್ನು ಮೊದಲು ನಮ್ಮೂರಿಗೇ ತಂದೆ. ಮಾದರಿ ಊರು ಮಾಡುತ್ತೇನೆ ಅಂದೆ. ಮನೆಗೆ ಮೂರು ಹೊಸ ದೀಪ, ಅದರ ಮೇಲೆ ಒಂದೂ ಇಲ್ಲ. ನಮ್ಮ ಜಗುಲಿಯ ಮೇಲೆ ನಿಂತು ನೀನು ಮಾಡಿದ ಭಾಷಣ ನನಗಿನ್ನೂ ನೆನಪಿದೆ. ಹಳೇ ಬಲ್ಬು ತಿನ್ನುವ ಕರೆಂಟಿನಲ್ಲಿ ಬೆಳಕಾಗುವುದು ಒಂದು ಚೂರು, ಉಳಿದದ್ದೆಲ್ಲ ಬಿಸಿಯಾಗಿ ದಂಡವಾಗಿ ಹೋಗುತ್ತದೆ ಎಂದು ತಿಳಿಸಿಕೊಟ್ಟೆ. ಜನ ತಲೆದೂಗಿದರು. ನಾನೂ ತೂಗಿದೆ, ನನ್ನ ತಮ್ಮ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಎಂದು. ಆಮೇಲೆ ನಿನ್ನ ಭಾವನ ಅಂಗಡಿಯಲ್ಲಿದ್ದ ಬಲ್ಬುಗಳನ್ನೆಲ್ಲ ಹೊರಗೆ ತರಿಸಿದೆ. ಊರಿನವರ ಬಲ್ಬುಗಳ ಜೊತೆ ಗೋಣಿಚೀಲಕ್ಕೆ ತುಂಬಿ ಸ್ಕೂಲಿನ ಬಯಲಲ್ಲಿ ಒಡೆಸಿದೆ. ಗಾಜು ಆರಿಸುವುದಕ್ಕೆ ನಾವು ಹೆಂಗಸರೇ ಬೇಕಾಯಿತು.

ಜನ ಎಲ್ಲಿ ಕದ್ದು ಹಳೇ ಬಲ್ಬು ಹಾಕಿಕೊಳ್ಳುತ್ತಾರೋ ಎಂದು ಮನೆಮನೆಗೂ ಮೀಟರಿನ ಪಕ್ಕ ಒಂದು ಕರೀ ಡಬ್ಬಿ ಕೂರಿಸಿದೆ. ನಲವತ್ತು ಕ್ಯಾಂಡಲ್‌ನ ಹಳೇ ಬಲ್ಬು ಹಾಕಿದರೂ ಮನೆಯ ಕರೆಂಟೇ ಹೋಗಬೇಕು, ಹಾಗಿತ್ತು ಅದು. ಅದಕ್ಕೆ ಸೀಸದ ಸೀಲು. ಸೀಲು ಒಡೆದರೆ ಕೇಸು. ಯಶೋದಮ್ಮ ಕೋಳಿಮರಿಗೆ ಕಾವು ಬೇಕು, ನನ್ನದೊಂದು ಮನೆ ಬಿಟ್ಟುಬಿಡಪ್ಪ ಎಂದು ಕೈಮುಗಿದಳು. ಊರಿಗೊಂದು ಕಾನೂನು, ನಿಮಗೊಂದು ಕಾನೂನಾ ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ಆ ದೀಪದ ಬೆಳಕಲ್ಲಿ ಮುದ್ದೆಯೂ ಬೂದಿಯ ಹಾಗೆ ಕಾಣುತ್ತದೆ ಎಂದು ನಾನು ಗೊಣಗಿದ್ದೂ ನಿಜ. ಅಕ್ಕನಿಗೆ ಹೊಸದು ಏನು ಬಂದರೂ ಆಗುವುದಿಲ್ಲ ಎಂದು ನೀನು ನಕ್ಕಿದ್ದೂ ನಿಜ.

ಮಾಗಿಯ ಚಳಿಯಲ್ಲಿ ಉಮನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಆಸ್ಪತ್ರೆಯಲ್ಲಿ ನಿನ್ನ ಮಗಳನ್ನು ನೀನೇ ನೋಡಿದ್ದೀಯಲ್ಲ, ಮೊರದ ಮೂಲೆಯಲ್ಲಿ ಮಲಗಿಸಬಹುದು, ಅಷ್ಟಿತ್ತು. ಅಲ್ಲಿ ಅದನ್ನು ಎಲ್ಲಿ ಮಲಗಿಸಿದ್ದರು? ನೂರು ಕ್ಯಾಂಡಲ್ ಬಲ್ಬಿನ ಕೆಳಗೆ. ನೀನು ದಂಡ ಅಂದೆಯಲ್ಲ, ಆ ಬಿಸಿಯಲ್ಲೇ ನಮ್ಮ ಚಿನ್ನು ಮೈತುಂಬಿಕೊಂಡಿತು, ಬೆರಳು ಹಿಡಿಯಿತು, ಹಾಲು ಚೀಪಲು ಕಲಿಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ, ಚಳಿ ಮುಗಿಯುವವರೆಗೆ ಹೀಗೇ ಕಾವು ಕೊಡಿ, ತಣ್ಣಗಾಗಲು ಬಿಟ್ಟರೆ ಕೈಬಿಟ್ಟು ಹೋಗುತ್ತದೆ ಎಂದು ನರ್ಸಮ್ಮ ಹೇಳಿ ಕಳಿಸಿದರು.

ನಿನ್ನ ಭಾವ ದಾರಿಯಲ್ಲೇ ಪಾಂಡವಪುರದಲ್ಲಿ ನೂರರ ಬಲ್ಬು ತಂದರು. ಹಣ್ಣಿನ ಪೆಟ್ಟಿಗೆಗೆ ಹತ್ತಿ ಹಾಸಿ, ಮೇಲೆ ಬಲ್ಬು ಇಳಿಬಿಟ್ಟು ಸ್ವಿಚ್ ಒತ್ತಿದೆವು. ಡಬ್ಬಿ ಟಕ್ ಅಂತು, ಮನೆಯೆಲ್ಲ ಕತ್ತಲೆ. ಮತ್ತೆ ಒತ್ತಿದರೂ ಅದೇ. ನಿನ್ನ ಹೊಸ ದೀಪವನ್ನೇ ಇಳಿಬಿಟ್ಟು ನೋಡಿದೆವು, ಬೆಳ್ಳಗೆ ಉರಿಯಿತು, ಕೂಸಿನ ಕಾಲು ತಣ್ಣಗೇ ಇತ್ತು. ಅಗ್ಗಿಷ್ಟಿಕೆ ಇಟ್ಟರೆ ಹೊಗೆಗೆ ಉಸಿರು ಕಟ್ಟಿಕೊಂಡಿತು. ಬಿಸಿನೀರಿನ ಶೀಷೆ ಇಟ್ಟೆವು. ಉಮ ರವಿಕೆಯೊಳಗೆ ಎದೆಗೆ ಕಟ್ಟಿಕೊಂಡು ಕೂತಳು. ಅವಳಿಗೇ ಜ್ವರ ಬಂದು ನಡುಗುವಾಗ ನಾನು ಕಟ್ಟಿಕೊಂಡೆ.

ಆಗಲೇ ಲೈನ್‌ಮನ್ ಚಲುವಯ್ಯನನ್ನು ನಿನ್ನ ಹತ್ತಿರ ಅಟ್ಟಿದ್ದು. ಡಬ್ಬಿ ತೆಗೆಯಬೇಡ, ಸೀಲು ಬಿಚ್ಚಿ ಚಳಿ ಮುಗಿಯುವವರೆಗೆ ಒಂದು ಬಲ್ಬಿಗೆ ದಾರಿ ಮಾಡಿಕೊಡು, ಕೂಸಿಗೆ ಕಾವಿಲ್ಲ ಎಂದು ಹೇಳಿಸಿದೆ. ಅವನು ಹಿಂದಿರುಗಿ ಬಂದು ಕೊಟ್ಟಿಗೆ ಹತ್ತಿರ ನನ್ನೊಬ್ಬಳನ್ನೇ ಕರೆದು ಹೇಳಿದ. ನಿನ್ನ ಮಾತು ನಿನಗೆ ಮರೆತಿದ್ದರೆ ನಾನು ನೆನಪಿಸುತ್ತೇನೆ:

"ಅಕ್ಕಂಗೆ ಅಳೇ ಬಲ್ಬಿನ ಉಚ್ಚು ಇನ್ನೂ ಬುಟ್ಟಿಲ್ಲ ಕಣ್ಲಾ. ಬರೋ ವಾರ ಬೆಂಗ್ಳೂರಿಂದ ಸಾಹೇಬ್ರು ಬತ್ತಾವ್ರೆ. ನಮ್ಮನೆ ಸೀಲೇ ಬಿಚ್ಚುಬುಟ್ರೆ ಊರೋರ್ಗೆ ಏನ್ ಮಕ ತೋರ್ಸ್ಲಿ? ಅದೊಂದು ಮುಗೀಲಿ, ತಡ್ಕಳಕ್ಕೇಳು."

ತಡೆದುಕೊಳ್ಳಬೇಕಾದದ್ದು ನಾನಲ್ಲವಲ್ಲ ಕನಕ. ನನಗೆ ಕಂಬಳಿ ಇತ್ತು. ಪಾಂಡವಪುರದಿಂದ ಬರಲು ಬಸ್ಸಿಗೆ ಎಷ್ಟು ಹೊತ್ತು? ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿದ್ದರೆ ಬಂದು ನೋಡಿ ಬೈದು ಹೋಗಬಹುದಿತ್ತು. ಯಶೋದಮ್ಮನಿಗೆ ಆಡಿದ ಒಂದು ಮಾತು ಉಳಿಸಿಕೊಳ್ಳಲು ಕೂತೆ. ಕೂಸು ಅಳುವುದನ್ನು ನಿಲ್ಲಿಸಿತು, ಹಾಲು ಬಿಟ್ಟಿತು, ತುಟಿ ನೀಲಿಯಾಯಿತು. ಬೆಳಗಿನ ಜಾವ ಕಾರು ಮಾಡಿಕೊಂಡು ಹೊರಟೆವು. ಆಸ್ಪತ್ರೆ ತಲುಪುವ ಮೊದಲೇ ನನ್ನ ಮಡಿಲಲ್ಲಿ ಮುಗಿದುಹೋಯಿತು.

ಸಾಹೇಬರು ಬಂದದ್ದು ಮಣ್ಣು ಮಾಡಿದ ಮೇಲೆ. ನೀನೂ ಅವರ ಜೀಪಿನಲ್ಲೇ ಇನ್ನೊಂದು ಸಲ ಊರಿಗೆ ಬಂದೆ. ಸಾವಿನ ಮನೆ, ಅಲ್ಲಿ ಬೇಡ ಎಂದು ಪಕ್ಕದ ಬೀದಿ ತೋರಿಸಿದೆಯಂತೆ. ಅಷ್ಟು ಮರ್ಯಾದೆ ಉಳಿಸಿದ್ದಕ್ಕೆ ಸಂತೋಷ. ಕರೆಂಟು ಉಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಆ ದೀಪ ಕೆಟ್ಟದ್ದು ಅಂತಲೂ ಅಲ್ಲ, ಈಗಲೂ ಅದರ ಬೆಳಕಲ್ಲೇ ಕೂತು ಬರೆಯುತ್ತಿದ್ದೇನೆ. ಕಾನೂನು ಮಾಡಿದವರಿಗೆ ನಮ್ಮ ಮನೆಯಲ್ಲಿ ಕೂಸಿರುವುದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಅದಕ್ಕೇ ನಾನು ಮಾತಾಡಲಿಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು. ಹೋಟೆಲ್ ಊಟ ನಿನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ಹುಳಿಪುಡಿ ಮಾಡಿಟ್ಟಿದ್ದೇನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ನಿನ್ನ ಮೇಲಿನ ಸಿಟ್ಟು ನನ್ನ ಜೊತೆ ಮಣ್ಣಿಗೆ ಹೋಗಲಿ, ನಿನಗೆ ತಾಗದಿರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಮುತ್ತಮ್ಮ

ಮರೆತಿದ್ದೆ: ಎರಡನೇ ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. ಭಾವನಾದರೂ ಆ ಡಬ್ಬಿ ಕಿತ್ತು ಬಿಸಾಕಬಹುದಿತ್ತಲ್ಲ, ನಾನೇನು ಕೇಸು ಹಾಕುತ್ತಿದ್ದೆನಾ ಎಂದು. ಅವರು ಹೋಗಿದ್ದರು ಕಣಪ್ಪ, ಕೈಯಲ್ಲಿ ಹಾರೆ ಹಿಡಿದು ಮೀಟರಿನ ಮುಂದೆ ನಿಂತಿದ್ದರು. ತಡೆದವಳು ಉಮ. ಜ್ವರದಲ್ಲೇ ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡಳು. "ಬ್ಯಾಡ ಕಣಪ್ಪ, ಮಾವನ ಕೆಲ್ಸಕ್ಕೆ ಕುತ್ತು ಬತ್ತದೆ. ಸುದ್ದಿ ತಿಳೀತಿದ್ದಂಗೆ ಅವ್ರೇ ಬಂದು ಬಿಚ್ತಾರೆ" ಅಂದಳು. ನಿನ್ನ ಉತ್ತರ ಅವಳಿಗೆ ಗೊತ್ತಿಲ್ಲ. ಬಾಣಂತಿ ಎದೆ ಒಡೆದುಕೊಂಡಾಳು ಎಂದು ನಾನು ಹೇಳಲಿಲ್ಲ. ಚಲುವಯ್ಯನಿಗೆ ನೀನು ಸಿಗಲೇ ಇಲ್ಲವಂತೆ ಎಂದುಬಿಟ್ಟೆ. ಈಗ ಅವಳ ಲೆಕ್ಕದಲ್ಲಿ ಕೂಸನ್ನು ಕೊಂದವನು ಚಲುವಯ್ಯ, ಹೇಳಿಕಳಿಸಿದರೂ ಹೋಗದೆ ಎಲ್ಲೋ ಕುಡಿದು ಬಿದ್ದಿದ್ದವನು. ಬೀದಿಯಲ್ಲಿ ಕಂಡರೆ ಮಣ್ಣು ತೂರಿ ಶಾಪ ಹಾಕುತ್ತಾಳೆ. ಅವನು ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ನಾನು ಹೋಗಿ ಅತ್ತರೆ, "ಬುಡಕ್ಕಾ, ನನ್ನ ಬೈಕಂಡಾದ್ರೂ ಮಗ್ಳು ಗಂಡನ ಮನೇಗೋಗ್ಲಿ" ಅನ್ನುತ್ತಾನೆ. ಉಮ ನಾಗಮಂಗಲಕ್ಕೆ ಹೊರಡಲು ಬಟ್ಟೆ ಜೋಡಿಸುತ್ತಿದ್ದಾಳೆ. ಮಾವ ಒಬ್ಬರೇ ಎಷ್ಟು ಅಳುತ್ತಿದ್ದಾರೋ ಎಂದು ಚಿಂತೆ ಅವಳಿಗೆ. ಕರೆದುಕೊಂಡು ಹೋಗಲು ನೀನೇ ಬಾ. ಬಂದವನು ಮೊದಲು ಚಲುವಯ್ಯನನ್ನು ಕರೆಸಿ, ಅವಳ ಎದುರಿಗೆ ಕೂರಿಸಿಕೊಂಡು, ಅವನು ಬಂದು ಹೇಳಿದ್ದೇನು, ನೀನು ಅಂದದ್ದೇನು ಹೇಳು. ಹೇಳಲು ಬಾಯಿ ಬಾರದಿದ್ದರೆ ಬರಬೇಡ.